ಕೆರೆ ಮೀನು ಕೈಕೊಟ್ಟಾಗ: ವಾಸನೆ, ಕಹಿ, ಅಂಟು, ಪುಡಿ, ತಪ್ಪು ಎಲ್ಲಾಯಿತು ಎಂದು ಹಿಡಿಯುವುದು ಹೇಗೆ

ಸಣ್ಣ ಮೀನಿನ ಅಡುಗೆ ಕೆಟ್ಟರೆ ಹೆಚ್ಚಿನವರು ಮಾಡುವ ಮೊದಲ ಕೆಲಸ ಮಸಾಲೆ ಜಾಸ್ತಿ ಮಾಡುವುದು. ವಾಸನೆ ಬಂತಾ, ಇನ್ನೊಂದು ಗಡ್ಡೆ ಬೆಳ್ಳುಳ್ಳಿ. ರುಚಿ ಇಲ್ವಾ, ಇನ್ನೊಂದು ಚಮಚ ಖಾರದ ಪುಡಿ. ಇದರಿಂದ ಮೀನಿನ ಸ್ವಂತ ರುಚಿ ಹೋಗುತ್ತದೆ, ದೋಷ ಮಾತ್ರ ಅಲ್ಲೇ ಇರುತ್ತದೆ. ಪಕ್ಕೆ, ಸಸಲು, ಅಂಗೈಯಗಲದ ಜಿಲೇಬಿ, ಇಂಥ ಮೀನಿಗೆ ಉಪ್ಪು, ಅರಿಶಿನ, ಅಚ್ಚಖಾರದ ಪುಡಿ, ಹುಣಸೆಹಣ್ಣು ಇದ್ದರೆ ಸಾಕು. ಇಷ್ಟರಲ್ಲೇ ರುಚಿ ಬರಬೇಕು. ಬರಲಿಲ್ಲ ಅಂದರೆ ತಪ್ಪು ಮಸಾಲೆ ಡಬ್ಬಿಯಲ್ಲಿಲ್ಲ. ಬಹಳ ಸಲ ಅದು ಒಲೆ ಹಚ್ಚುವ ಮುಂಚೆಯೇ ಆಗಿಹೋಗಿರುತ್ತದೆ: ಕೊಳ್ಳುವಾಗ, ಉಜ್ಜುವಾಗ, ಹೊಟ್ಟೆ ಸೀಳುವಾಗ, ಇಲ್ಲಾ ನೀರು ಒರೆಸದೆ ಕಾವಲಿಗೆ ಹಾಕುವಾಗ. ಯಾವಾಗ ಆಯಿತು ಎಂದು ಗೊತ್ತಾದರೆ ಸರಿಮಾಡುವುದು ಸುಲಭ.

ಮೊದಲು ಒಂದೇ ಒಂದು ಮೀನು ಹುರಿದು ನೋಡಿ

ಈ ಒಂದು ಅಭ್ಯಾಸ ಮಾಡಿಕೊಂಡರೆ ಅರ್ಧ ತಲೆನೋವು ತಪ್ಪುತ್ತದೆ. ಎಲ್ಲಾ ಮೀನು ತೊಳೆದಾದ ಮೇಲೆ, ಖಾರ ಹಚ್ಚುವ ಮುಂಚೆ, ಒಂದನ್ನು ತೆಗೆದು ಬಟ್ಟೆಯಲ್ಲಿ ಒರೆಸಿ, ಬರೀ ಉಪ್ಪು ಸವರಿ, ಸ್ವಲ್ಪ ಎಣ್ಣೆಯಲ್ಲಿ ಎರಡೂ ಕಡೆ ಪೂರ್ತಿ ಬೇಯುವವರೆಗೆ ಹುರಿಯಿರಿ. ಬೆನ್ನಿನ ಮಾಂಸ ಬೇರೆ, ಹೊಟ್ಟೆ ಕಡೆಯ ಮಾಂಸ ಬೇರೆ ತಿಂದು ನೋಡಿ. ಒಟ್ಟಿಗೆ ಬಾಯಿಗೆ ಹಾಕಿಕೊಂಡರೆ ಏನೂ ಗೊತ್ತಾಗುವುದಿಲ್ಲ.

ಬೆನ್ನು, ಹೊಟ್ಟೆ ಎರಡರಲ್ಲೂ ಮಣ್ಣು ಮಣ್ಣು ಅನ್ನಿಸಿದರೆ ಅದು ಕೆರೆಯ ನೀರಿನಿಂದ ಬಂದದ್ದು. ಹೊಟ್ಟೆ ಮಾತ್ರ ಕಹಿಯಾದರೆ ಪಿತ್ತ ಒಡೆದಿದೆ. ತಲೆ ಹತ್ತಿರ ಮಾತ್ರ ಕೆಟ್ಟ ವಾಸನೆ ಇದ್ದರೆ ಕಿವಿರು ಉಳಿದಿದೆ. ಬೆನ್ನು ಚೆನ್ನಾಗಿದ್ದು ಹೊಟ್ಟೆಯ ಮಾಂಸ ಮೆತ್ತಗೆ ಕರಗಿದ ಹಾಗಿದ್ದರೆ, ಕರುಳು ತೆಗೆಯದೆ ಮೀನನ್ನು ತುಂಬಾ ಹೊತ್ತು ಇಟ್ಟಿದ್ದಾರೆ ಎಂದರ್ಥ, ಯಾಕಂದರೆ ಸಣ್ಣ ಮೀನು ಸತ್ತ ಮೇಲೆ ಅದರ ಹೊಟ್ಟೆಯೊಳಗಿನ ಜೀರ್ಣರಸವೇ ಹೊಟ್ಟೆಯ ಗೋಡೆಯನ್ನು ಒಳಗಿಂದ ತಿನ್ನಲು ಶುರು ಮಾಡುತ್ತದೆ. ಈ ಮೀನಲ್ಲಿ ಎಲ್ಲಾ ಸರಿಯಿದ್ದು ಆಮೇಲೆ ಅಡುಗೆ ಕೆಟ್ಟರೆ, ಆಗ ಖಾರ, ಎಣ್ಣೆ, ಉರಿ ಕಡೆ ನೋಡಿ.

ಮಣ್ಣಿನ ವಾಸನೆ

ಜಾಸ್ತಿ ಕೇಳಿಬರುವ ದೂರು ಇದೇ. ಎಷ್ಟು ತೊಳೆದರೂ ಕೆಸರಿನ ವಾಸನೆ ಹೋಗಲ್ಲ ಅನ್ನುತ್ತಾರೆ. ಹೋಗುವುದೂ ಇಲ್ಲ, ಯಾಕಂದರೆ ಅದು ಮೈಗೆ ಮೆತ್ತಿದ ಕೆಸರಲ್ಲ. ಕೆರೆಯ ನೀಲಿಹಸಿರು ಪಾಚಿ ಮತ್ತು ಕೆಲವು ಬ್ಯಾಕ್ಟೀರಿಯಾ ಸೇರಿ ಜಿಯೋಸ್ಮಿನ್ ಎಂಬ ವಸ್ತು ಮಾಡುತ್ತವೆ. ಮೊದಲ ಮಳೆಗೆ ನೆಲದಿಂದ ಏಳುವ ಘಮದಲ್ಲಿ ಇರುವುದೂ ಇದೇ. ಮೀನು ಇದನ್ನು ನೀರಿನಿಂದ ಕಿವಿರಿನ ಮೂಲಕ ಎಳೆದುಕೊಂಡು ಕೊಬ್ಬಿನಲ್ಲಿ ಸೇರಿಸಿಟ್ಟುಕೊಳ್ಳುತ್ತದೆ. ಲೀಟರ್ ನೀರಿನಲ್ಲಿ 10 ನ್ಯಾನೋಗ್ರಾಂ ಆಸುಪಾಸು ಇದ್ದರೂ ನಮ್ಮ ಮೂಗಿಗೆ ಗೊತ್ತಾಗಿಬಿಡುತ್ತದೆ, ಒಂದು ನ್ಯಾನೋಗ್ರಾಂ ಅಂದರೆ ಗ್ರಾಂನ 100 ಕೋಟಿ ಪಾಲಿನಲ್ಲಿ ಒಂದು. ಮಾಂಸದೊಳಗೆ ಕೂತಿರುವುದು ನಲ್ಲಿ ನೀರಿಗೆ ಹೇಗೆ ಹೋದೀತು?

ಹುಳಿಗೆ ಹೋಗುತ್ತದೆ. ಹುಳಿಯಲ್ಲಿ ಜಿಯೋಸ್ಮಿನ್ ಒಡೆದು ವಾಸನೆಯಿಲ್ಲದ ಬೇರೆ ವಸ್ತುವಾಗುತ್ತದೆ. ನಮ್ಮ ಸಿಹಿನೀರ ಮೀನಿನ ಅಡುಗೆಗಳಲ್ಲಿ ಹುಳಿ ಇಷ್ಟು ಗಟ್ಟಿಯಾಗಿ ಕೂತಿರುವುದು ಬರೀ ರುಚಿಗಲ್ಲ. ಮಂಡ್ಯ ಮೈಸೂರು ಕಡೆ ಹುಣಸೆ, ಮಲೆನಾಡಲ್ಲಿ ವಾಟೆಹುಳಿ, ಉಪ್ಪಾಗೆ, ಕೊಡಗಿನಲ್ಲಿ ಹಣ್ಣಿನ ರಸ ಕುದಿಸಿ ಕುದಿಸಿ ಕಪ್ಪಗೆ ಗಟ್ಟಿ ಮಾಡಿದ ಕಾಚಂಪುಳಿ. ಊರಿಗೊಂದು ಹುಳಿ, ಕೆಲಸ ಒಂದೇ.

ಅರ್ಧ ಕೆಜಿ ಮೀನಿಗೆ ನಿಂಬೆಗಾತ್ರದ ಹುಣಸೆಹಣ್ಣು ಒಂದು ಲೋಟ ನೀರಲ್ಲಿ ಕಿವುಚಿ, ಒಂದು ಹಿಡಿ ಕಲ್ಲುಪ್ಪು ಸೇರಿಸಿ, ಉಜ್ಜಿ ತೊಳೆದ ಮೀನನ್ನು ಅದರಲ್ಲಿ 10ರಿಂದ 15 ನಿಮಿಷ ನೆನೆಸಿ, ಆಮೇಲೆ ತೊಳೆದು ಬಸಿಯಿರಿ. ಗಂಟೆಗಟ್ಟಲೆ ಇಡಬೇಡಿ, ಹುಳಿಗೆ ಮೇಲಿನ ಮಾಂಸ ಬಿಳಿಚಿಕೊಂಡು ಹುರಿಯುವಾಗ ಉದುರುತ್ತದೆ. ಬರೀ ಅರಿಶಿನ ಹಚ್ಚಿದರೆ ವಾಸನೆ ಹೋಗುತ್ತದೆ ಎಂಬ ನಂಬಿಕೆ ಇದೆ, ನನಗಂತೂ ಅದರಲ್ಲಿ ಭರವಸೆ ಇಲ್ಲ. ಅರಿಶಿನ ಹಾಕಿ, ಆದರೆ ಹುಳಿಯ ಬದಲಿಗೆ ಅಲ್ಲ.

ಹುಳಿ ನೀರಲ್ಲಿ ನೆನೆಸಿದ ಮೇಲೂ ಒಂದು ಮೀನು ಹುರಿದು ನೋಡಿದಾಗ ಮಣ್ಣು ಅನ್ನಿಸಿದರೆ ಅವತ್ತು ಹುರಿಯುವ ಆಸೆ ಬಿಡಿ, ಸಾರು ಮಾಡಿ. ಸಾರಿನಲ್ಲಿ ಮೀನು ಹುಳಿಯಲ್ಲೇ ಬೇಯುತ್ತದೆ, ಇಳಿಸಿದ ಮೇಲೂ ಹುಳಿ ಒಳಗೆ ಇಳಿಯುತ್ತಲೇ ಇರುತ್ತದೆ. ನಿನ್ನೆಯ ಮೀನು ಸಾರು ಇವತ್ತು ಮುದ್ದೆಗೆ ಜಾಸ್ತಿ ರುಚಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಇನ್ನು ಮೈ ಮೇಲಿನ ವಾಸನೆ. ಅದು ಲೋಳೆಯದ್ದು, ಅದು ಉಜ್ಜಿದರೆ ಹೋಗುತ್ತದೆ. ಒರಟು ಚಪ್ಪಡಿ ಕಲ್ಲಿನ ಮೇಲೆ ಒಂದು ಹಿಡಿ ಮೀನು ಹಾಕಿ, ಕಲ್ಲುಪ್ಪು ಚೆಲ್ಲಿ, ಅಂಗೈಯಿಂದ ಬಾಲದ ಕಡೆಯಿಂದ ತಲೆ ಕಡೆಗೆ ಉಜ್ಜುತ್ತಾ ಹೋಗಿ. ಮೊದಲು ಕೈ ಜಾರುತ್ತದೆ, ಬೂದು ಬಣ್ಣದ ನೊರೆ ಬರುತ್ತದೆ, ಹುರುಪೆ ಎದ್ದು ಕೈಗೆಲ್ಲ ಮೆತ್ತಿಕೊಳ್ಳುತ್ತದೆ. ಸ್ವಲ್ಪ ಹೊತ್ತಿಗೆ ಜಾರುವುದು ನಿಂತು ಚರ್ಮ ಕೈಗೆ ತರಿತರಿ ಸಿಗುತ್ತದೆ. ಅಲ್ಲಿಗೆ ಸಾಕು. ಕಲ್ಲಿಲ್ಲದ ಫ್ಲ್ಯಾಟಿನಲ್ಲಿದ್ದರೆ ತೂತಿನ ಸ್ಟೀಲ್ ಜರಡಿಯಲ್ಲಿ ಕಲ್ಲುಪ್ಪು ಹಾಕಿ ಉಜ್ಜಿ, ಕೆಲಸ ನಡೆಯುತ್ತದೆ. ಹಳ್ಳಿ ಕಡೆ ಒಲೆಯ ಬೂದಿ ಹಾಕುತ್ತಾರೆ. ಲೋಳೆಗೆ ಬೂದಿಯಂಥದ್ದು ಇನ್ನೊಂದಿಲ್ಲ, ನಿಜ. ಆದರೆ ಬೂದಿ ಕ್ಷಾರ, ಸರಿಯಾಗಿ ತೊಳೆಯದಿದ್ದರೆ ಹುರಿದ ಮೀನಿಗೆ ಸೋಪಿನಂಥ ರುಚಿ ಬರುತ್ತದೆ. ಹಾಗೆ ಬಂದರೆ ಬೇರೆ ಏನೂ ಹುಡುಕಬೇಡಿ, ಅದು ಬೂದಿಯದೇ. ಕೊನೆಯ ನೀರಿಗೆ ಸ್ವಲ್ಪ ಹುಣಸೆ ಕಿವುಚಿದರೆ ಸರಿಹೋಗುತ್ತದೆ.

ಹೊಟ್ಟೆಯೊಳಗಿನ ಕಪ್ಪು ಪೊರೆಯನ್ನು ಹೆಬ್ಬೆರಳಿನಿಂದ ಒರೆಸಿ ತೆಗೆಯಿರಿ. ಬೆನ್ನುಮೂಳೆಗೆ ಅಂಟಿದ ಹೆಪ್ಪುರಕ್ತವನ್ನು ಉಗುರಿಂದ ಕೆರೆದುಬಿಡಿ. ಜಿಲೇಬಿಯಲ್ಲಿ ಈ ಪೊರೆ ಕಣ್ಣಿಗೆ ರಾಚುವಷ್ಟು ಕಪ್ಪು. ಅಂದಹಾಗೆ ಜಿಲೇಬಿ ನಮ್ಮ ಕೆರೆಗಳ ಮೂಲನಿವಾಸಿ ಅಲ್ಲ, ಆಫ್ರಿಕಾ ಮೂಲದ ತಿಲಾಪಿಯಾ ಅದು, 1952ರಲ್ಲಿ ಭಾರತಕ್ಕೆ ತಂದದ್ದು. ಪಾಚಿ, ತಳದ ಕಸ ಎಲ್ಲಾ ತಿನ್ನುವ ಮೀನು, ಹಾಗಾಗಿ ಅದರ ಹೊಟ್ಟೆ ಇನ್ನೂ ಹುಷಾರಾಗಿ ತೊಳೆಯಬೇಕು.

ಕೊಳ್ಳುವಾಗಲೇ ಕೇಳಿಬಿಡುವುದು ಒಳ್ಳೆಯದು. "ಅಕ್ಕಾ, ಕೆರೆದಾ ಹೊಳೆದಾ? ಯಾವಾಗ ಹಿಡಿದದ್ದು?" ಅಂದರೆ ಮೀನು ಮಾರುವವರು ಸಾಮಾನ್ಯವಾಗಿ ಹೇಳುತ್ತಾರೆ. ಹರಿಯುವ ಹೊಳೆಯ ಮೀನಿಗೆ ಈ ವಾಸನೆ ಕಡಿಮೆ. ಬೇಸಿಗೆಯಲ್ಲಿ ಕೆರೆ ಬತ್ತಿ ನೀರು ಹಸಿರಾದಾಗ ಜಾಸ್ತಿ. ಕಣ್ಣು ಹೊಳೆಯಬೇಕು, ಮೈ ಬಿಗಿ ಇರಬೇಕು, ಮುಖ್ಯವಾಗಿ ಹೊಟ್ಟೆ ಒಡೆದಿರಬಾರದು. ಬೆರಳುದ್ದದ ಮೀನಿನಲ್ಲಿ ಕಿವಿರು ಎತ್ತಿ ಕೆಂಪಿದೆಯಾ ಎಂದು ನೋಡುತ್ತಾ ಕೂರಲು ಆಗಲ್ಲ, ಹೊಟ್ಟೆ ನೋಡಿದರೆ ಸಾಕು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು. ವಾಸನೆ ಮಣ್ಣಿನದ್ದಲ್ಲ, ಸೀಮೆಎಣ್ಣೆ, ಚರಂಡಿ, ಫಿನಾಯಿಲ್ ಥರ ಇದೆ ಅಂದರೆ ಹುಣಸೆ, ಬೂದಿ, ಉಪ್ಪು ಯಾವುದನ್ನೂ ಪ್ರಯತ್ನಿಸಬೇಡಿ. ಬಿಸಾಡಿ. ನೊರೆಯೆದ್ದು ಬೆಂಕಿಯೇ ಹತ್ತಿಕೊಂಡ ಬೆಳ್ಳಂದೂರಿನಂಥ ಕೆರೆಗಳ ಕಥೆ ಬೆಂಗಳೂರಿನವರಿಗೆಲ್ಲ ಗೊತ್ತಿದೆ. ಕೊಳಚೆ, ಕಾರ್ಖಾನೆ ನೀರು ಸೇರುವ ಕೆರೆಯ ಮೀನಿನೊಳಗಿನ ಸೀಸ, ಪಾದರಸದಂಥ ಲೋಹಗಳು ಎಷ್ಟು ಬೇಯಿಸಿದರೂ ಹೋಗುವುದಿಲ್ಲ.

ಕಹಿ

ಕಹಿ ಮೂರು ಕಡೆಯಿಂದ ಬರುತ್ತದೆ. ನಾಲಿಗೆಗೆ ಮೂರೂ ಒಂದೇ ಅನ್ನಿಸುವುದರಿಂದ ಜನ ತಪ್ಪು ಕಡೆ ಹುಡುಕುತ್ತಾರೆ. ಹೊಟ್ಟೆ ಭಾಗದಲ್ಲಷ್ಟೇ ಇದ್ದು, ಅಲ್ಲಿ ಹಳದಿಹಸಿರು ಕಲೆ ಕಂಡರೆ ಪಿತ್ತ. ಮೇಲಿನ ಪದರದಲ್ಲಷ್ಟೇ ಇದ್ದು ಒಳಗಿನ ಮಾಂಸ ಚೆನ್ನಾಗಿದ್ದರೆ ಖಾರದ ಪುಡಿ, ಬೆಳ್ಳುಳ್ಳಿ ಸೀದಿದೆ. ಮೀನು ಸರಿಯಿದ್ದು ಸಾರೇ ಕಹಿಯಾದರೆ ಒಗ್ಗರಣೆಯ ಮೆಂತ್ಯ ನೋಡಿ. ಅರ್ಧ ಚಮಚಕ್ಕಿಂತ ಜಾಸ್ತಿ ಬಿದ್ದಿರುತ್ತದೆ, ಇಲ್ಲಾ ಕೆಂಪು ದಾಟಿ ಕಪ್ಪಾಗಿರುತ್ತದೆ.

ಸಣ್ಣ ಮೀನಿನಲ್ಲಿ ತೊಂದರೆ ಕೊಡುವುದು ಪಿತ್ತವೇ. ತಲೆಯ ಹಿಂದೆ, ಪಿತ್ತಜನಕಾಂಗಕ್ಕೆ ಅಂಟಿಕೊಂಡು ಹೆಸರುಕಾಳಿನಷ್ಟೋ ಅದಕ್ಕಿಂತ ಚಿಕ್ಕದೋ ಇರುವ ಹಸಿರು ಚೀಲ. ಬೇಗ ಮುಗಿಯಲಿ ಎಂದು ಹೊಟ್ಟೆ ಹಿಂಡಿ ಕರುಳು ಹೊರಗೆ ತಳ್ಳುತ್ತಾರಲ್ಲ, ಆಗ ಅದು ಒಳಗೇ ಒಡೆಯುತ್ತದೆ. ಹಿಂಡಬೇಡಿ. ಅಡುಗೆ ಕತ್ತರಿ ತಗೊಂಡು ತಲೆಯ ಹಿಂದೆ, ಬೆನ್ನಿನ ಕಡೆಯಿಂದ ಶುರು ಮಾಡಿ ಕೆಳಗೆ ಗುದದ ರಂಧ್ರದ ಕಡೆಗೆ ಓರೆಯಾಗಿ ಒಂದೇ ಸಲ ಕತ್ತರಿಸಿ. ತಲೆ, ಕಿವಿರು, ಕರುಳು, ಪಿತ್ತ ಎಲ್ಲಾ ಒಂದೇ ತುಂಡಾಗಿ ಬಿದ್ದುಹೋಗುತ್ತದೆ. ಹೊಟ್ಟೆಯ ಅಂಚಿನ ಸ್ವಲ್ಪ ಮಾಂಸ ಹೋಗುತ್ತದೆ, ಹೋಗಲಿ. ತಲೆ ಬೇಕೇ ಬೇಕು ಅನ್ನುವವರು ಹೊಟ್ಟೆಯ ಕೆಳಗೆ ಸಣ್ಣ ಗೀರು ಹಾಕಿ, ಕಿವಿರನ್ನು ಬೆರಳಲ್ಲಿ ಹಿಡಿದು ನಿಧಾನ ಎಳೆದರೆ ಕರುಳೂ ಅದರ ಹಿಂದೆ ಬರುತ್ತದೆ.

ಒಡೆದೇಬಿಟ್ಟರೆ ಆ ಕ್ಷಣವೇ ಕಲೆಯಾದ ಮಾಂಸ ಕತ್ತರಿಸಿ ತೆಗೆದು, ಉಪ್ಪು ಹುಣಸೆ ಹಾಕಿ ತೊಳೆಯಿರಿ. ಆ ಮೀನನ್ನು ರಾಶಿಗೆ ಸೇರಿಸುವ ಮುಂಚೆ ಕೈ, ಪಾತ್ರೆ ಎರಡನ್ನೂ ತೊಳೆಯಿರಿ. ಬೇಯಿಸಿದರೆ ಪಿತ್ತದ ಕಹಿ ಹೋಗುವುದಿಲ್ಲ. ಸಾರಿಗೆ ಇಳಿದ ಮೇಲೆ ಬೆಲ್ಲ ಹಾಕಿದರೆ ಸಿಹಿಕಹಿ ಎರಡೂ ಇರುವ ಸಾರಾಗುತ್ತದೆ, ಅಷ್ಟೆ.

ಪಿತ್ತದ ಬಗ್ಗೆ ಇನ್ನೊಂದು. ಕಟ್ಲಾ, ರೋಹು ಮೀನಿನ ಪಿತ್ತ ಹಸಿಯಾಗಿ ನುಂಗಿದರೆ ಕಾಯಿಲೆ ವಾಸಿಯಾಗುತ್ತದೆ ಎಂದು ಕೆಲವರು ಹೇಳುತ್ತಾರೆ. ದಯವಿಟ್ಟು ಯಾರಿಗೂ ಕೊಡಬೇಡಿ. ಹಾಗೆ ನುಂಗಿ ಕಿಡ್ನಿ ಕೆಲಸ ನಿಲ್ಲಿಸಿ ಆಸ್ಪತ್ರೆ ಸೇರಿದ ರೋಗಿಗಳ ಬಗ್ಗೆ ನಮ್ಮ ದೇಶದ ವೈದ್ಯರೇ ಬರೆದಿದ್ದಾರೆ.

ಕಾವಲಿಗೆ ಅಂಟಿ ಚರ್ಮ ಕಿತ್ತು ಬರುತ್ತದೆ

ನೀರು. ಹತ್ತರಲ್ಲಿ ಒಂಬತ್ತು ಸಲ ನೀರೇ. ಮೀನಿನ ಮೈ ಮೇಲೆ ನೀರಿದ್ದರೆ ಎಣ್ಣೆ ಎಷ್ಟೇ ಕಾದಿರಲಿ, ಆ ನೀರು ಆವಿಯಾಗಿ ಮುಗಿಯುವವರೆಗೆ ಅಲ್ಲಿನ ಶಾಖ 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಅಷ್ಟರಲ್ಲಿ ಮೀನು ಹುರಿಯುವುದಿಲ್ಲ, ಬೇಯುತ್ತದೆ. ಬೇಯುವಾಗ ಹಸಿ ಚರ್ಮ ಕಾವಲಿಯ ಲೋಹಕ್ಕೆ ಹಿಡಿದುಕೊಳ್ಳುತ್ತದೆ. ನೀವು ಮಗುಚುತ್ತೀರಿ, ಚರ್ಮ ಕಾವಲಿಯಲ್ಲಿ, ಮೀನು ಸೌಟಿನಲ್ಲಿ.

ಉಪ್ಪು ಅರಿಶಿನ ಹಚ್ಚಿ 15 ನಿಮಿಷ ಬಿಡಿ. ತಟ್ಟೆಯ ತಳದಲ್ಲಿ ನೀರು ಬಿಟ್ಟುಕೊಳ್ಳುತ್ತದೆ. ಅದನ್ನು ಚೆಲ್ಲಿ. ಹಳೆಯ ಹತ್ತಿ ಬಟ್ಟೆಯ ಮೇಲೆ ಮೀನು ಹರಡಿ ಒತ್ತಿ ಒರೆಸಿ. ಖಾರದ ಪುಡಿಯನ್ನು ಆಮೇಲೆ, ಒಂದು ಚಮಚ ಎಣ್ಣೆಯಲ್ಲಿ ಕಲಸಿ ಹಚ್ಚಿ, ನೀರಲ್ಲಿ ಅಲ್ಲ. ಮೇಲೆ ಅಕ್ಕಿಹಿಟ್ಟು ಅಥವಾ ಚಿರೋಟಿ ರವೆ ತೆಳ್ಳಗೆ ಉದುರಿಸಿ. ಕಾವಲಿ ಒಣಗಿರುವಾಗಲೇ ಚೆನ್ನಾಗಿ ಕಾಯಿಸಿ, ಆಮೇಲೆ ಎಣ್ಣೆ, ಎಣ್ಣೆ ಅಲೆಯಾಡಿದ ಮೇಲೆ ಮೀನು. ಒಂದಕ್ಕೊಂದು ತಾಗದ ಹಾಗೆ ಇಡಿ. ಕಾವಲಿ ತುಂಬಿಸಿದರೆ ಎಣ್ಣೆ ತಣ್ಣಗಾಗಿ ಮತ್ತೆ ಅದೇ ಕಥೆ.

ಮಗುಚುವ ಹೊತ್ತು ಮೀನೇ ಹೇಳುತ್ತದೆ. ಅಂಚು ಎತ್ತಿದಾಗ ತಾನಾಗೇ ಬಿಟ್ಟುಕೊಂಡರೆ ಮಗುಚಿ. ಬಿಡದಿದ್ದರೆ ಇನ್ನೊಂದು ನಿಮಿಷ ಸುಮ್ನೆ ಬಿಡಿ. ಕೆದಕಬೇಡಿ. ಕಿವಿಗೂ ಗೊತ್ತಾಗುತ್ತದೆ: ಮೊದಲು ಚಟಪಟ ಜೋರಾಗಿರುತ್ತದೆ, ನೀರು ಕಡಿಮೆಯಾದ ಹಾಗೆ ಸದ್ದು ಸಣ್ಣಗಾಗುತ್ತದೆ. ಸದ್ದು ಇಳಿದ ಮೇಲೆ ಮಗುಚಿದರೆ ಅಂಟುವುದು ಅಪರೂಪ.

ಹುರಿದಾಗ ಗರಿಗರಿ ಇದ್ದು ತಟ್ಟೆಗೆ ಬರುವಷ್ಟರಲ್ಲಿ ಮೆತ್ತಗಾದರೆ ಡಬ್ಬಿಗೆ ಹಾಕಿ ಮುಚ್ಚಿದ್ದೀರಿ. ಜಾಲರಿ ಮೇಲೆ ಇಡಿ, ಮುಚ್ಚಬೇಡಿ.

ಸಾರಲ್ಲಿ ಮೀನು ಪುಡಿಪುಡಿ

ಇಲ್ಲಿ ತಪ್ಪು ಎರಡೇ. ಒಂದು, ಸಾರು ಕುದಿಯುವ ಮುಂಚೆ ಮೀನು ಹಾಕುವುದು. ಇನ್ನೊಂದು, ಸೌಟು ಆಡಿಸುವುದು.

ಈರುಳ್ಳಿ, ಬೆಳ್ಳುಳ್ಳಿ, ಟೊಮೇಟೊ ಬಾಡಿಸಿ, ಖಾರ, ಧನಿಯಾ ಪುಡಿ, ಹುಣಸೆ ರಸ, ನೀರು ಹಾಕಿದ ಮೇಲೆ ಹುಣಸೆಯ ಹಸಿ ವಾಸನೆ ಹೋಗುವ ತನಕ, ಅಂದರೆ 10-12 ನಿಮಿಷ ಕುದಿಸಿ. ಉಪ್ಪು, ಹುಳಿ, ಖಾರ ಎಲ್ಲಾ ಆಗಲೇ ನೋಡಿ ಸರಿಮಾಡಿಕೊಳ್ಳಿ. ಮೀನು ಹಾಕಿದ ಮೇಲೆ ಸರಿಮಾಡಲು ಹೋದರೆ ಸೌಟು ಆಡಿಸಲೇಬೇಕಾಗುತ್ತದೆ, ಅಲ್ವಾ? ಈಗ ಮೀನು ಬಿಡಿ. ಬೆರಳುದ್ದದ ಪಕ್ಕೆಗೆ ಸಣ್ಣ ಉರಿಯಲ್ಲಿ 5-6 ನಿಮಿಷ ಸಾಕು, ಅಂಗೈಯಗಲದ ಜಿಲೇಬಿಗೆ 8-10. ಬೆನ್ನಿನ ದಪ್ಪ ಭಾಗದಲ್ಲಿ ಮಾಂಸ ಬೆಳ್ಳಗಾಗಿ ಮುಳ್ಳಿನಿಂದ ಬಿಟ್ಟುಕೊಂಡರೆ ಬೆಂದಿದೆ. ಅರೆಬೆಂದದ್ದನ್ನು ಮಾತ್ರ ತಿನ್ನಬೇಡಿ, ಸಿಹಿನೀರ ಮೀನಿನಲ್ಲಿ ಪರಾವಲಂಬಿ ಹುಳುಗಳು ಇರಬಹುದು. ಕಲಸಬೇಕು ಅನ್ನಿಸಿದರೆ ಪಾತ್ರೆಯ ಎರಡೂ ಕಿವಿ ಬಟ್ಟೆಯಲ್ಲಿ ಹಿಡಿದು ಮೆಲ್ಲಗೆ ತಿರುಗಿಸಿ. ಒಗ್ಗರಣೆ ಮೇಲಿಂದ ಹಾಕಿ, ಅರ್ಧ ಗಂಟೆ ಮುಟ್ಟಬೇಡಿ.

ಸಾರು ಕಪ್ಪಾಗಿ ಲೋಹದ ರುಚಿ ಬಂದರೆ ಪಾತ್ರೆ ನೋಡಿ. ಅಲ್ಯೂಮಿನಿಯಂ, ಕಬ್ಬಿಣ ಎರಡೂ ಹುಣಸೆಗೆ ಆಗುವುದಿಲ್ಲ. ಮಡಕೆ ಅಥವಾ ಸ್ಟೀಲ್.

ಮುಳ್ಳು

ಪಕ್ಕೆ, ಸಣ್ಣ ಗೆಂಡೆ, ಮರಿ ರೋಹು ಎಲ್ಲಾ ಒಂದೇ ವಂಶದವು. ಬೆನ್ನುಮೂಳೆಯದ್ದಲ್ಲದೆ ಮಾಂಸದ ಒಳಗೇ ಕವಲೊಡೆದ ಸಣ್ಣ ಮುಳ್ಳು ಇವಕ್ಕೆ ಇದ್ದೇ ಇರುತ್ತದೆ. ಇದು ದೋಷವಲ್ಲ, ಮೀನಿನ ಗುಣ. ಆದರೆ ತಿನ್ನಲು ಆಗದಷ್ಟು ತೊಂದರೆಯಾದರೆ ಗೀರು ಹಾಕಿಲ್ಲ ಎಂದರ್ಥ. ಹರಿತವಾದ ಚಾಕುವಿನಿಂದ ಮೀನಿನ ಎರಡೂ ಬದಿಗೆ, ಬೆನ್ನಿನಿಂದ ಹೊಟ್ಟೆ ಕಡೆಗೆ, 2-3 ಮಿಲಿಮೀಟರಿಗೊಂದು ಗೀರು, ಬೆನ್ನುಮೂಳೆ ತಾಗುವಷ್ಟು ಆಳ. ಒಳಗಿನ ಮುಳ್ಳು ತುಂಡು ತುಂಡಾಗುತ್ತದೆ, ಬಿಸಿ ಎಣ್ಣೆ ಒಳಗೆ ಇಳಿದು ಆ ತುಂಡು ಗರಿಗರಿಯಾಗುತ್ತದೆ. ಚಾಕು ಸಣ್ಣ ಮುಳ್ಳು ಕಡಿಯುವ ಕಟಕಟ ಸದ್ದು ಬರಬೇಕು. ಬರಲಿಲ್ಲ ಅಂದರೆ ಗೀರು ಆಳ ಸಾಲದು. ಜಿಲೇಬಿಗೆ ಈ ಕಷ್ಟ ಇಲ್ಲ, ಅದರ ಮಾಂಸದೊಳಗೆ ಅಂಥ ಕವಲುಮುಳ್ಳು ಇರುವುದಿಲ್ಲ. ಮಕ್ಕಳಿರುವ ಮನೆಗೆ ಅದನ್ನೇ ತನ್ನಿ.

ವಯಸ್ಸಾದವರಿಗೆ ಕೊಡಬೇಕಾದರೆ ಕುಕ್ಕರ್. ತಳಕ್ಕೆ ಈರುಳ್ಳಿ ಹರಡಿ, ಮೇಲೆ ಮೀನು, ಗಟ್ಟಿ ಹುಣಸೆ ರಸ, ಸ್ವಲ್ಪ ಎಣ್ಣೆ, ತಳ ಹಿಡಿಯದಷ್ಟು ನೀರು. ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಅರ್ಧ ಗಂಟೆ ಬಿಡಿ. ಸಣ್ಣ ಮುಳ್ಳು ಬೆರಳಲ್ಲಿ ಹಿಸುಕಿದರೆ ಪುಡಿಯಾಗುವಷ್ಟು ಮೆತ್ತಗಾಗುತ್ತದೆ. ಹಿಸುಕಿ ನೋಡಿಯೇ ಬಡಿಸಿ. ಗಂಟಲಲ್ಲಿ ಮುಳ್ಳು ಸಿಕ್ಕಿಕೊಂಡರೆ ಅನ್ನದ ಉಂಡೆ ನುಂಗಿಸಿ ಕೆಳಗೆ ತಳ್ಳಲು ಹೋಗಬೇಡಿ, ಇನ್ನೂ ಆಳಕ್ಕೆ ಚುಚ್ಚಿಕೊಳ್ಳಬಹುದು. ಕಿವಿ ಮೂಗು ಗಂಟಲು ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನಾಳೆಗೆ ಇಟ್ಟದ್ದು ಕೆಟ್ಟಿತು

ಕರುಳು ತೆಗೆಯದೆ ಇಟ್ಟಿರುತ್ತೀರಿ. ಎಷ್ಟೇ ಸುಸ್ತಾಗಿದ್ದರೂ ತಂದ ದಿನವೇ ಉಜ್ಜಿ, ಸೀಳಿ, ತೊಳೆದು, ಒರೆಸಿ, ಉಪ್ಪು ಅರಿಶಿನ ಹಚ್ಚಿ ಮುಚ್ಚಿದ ಡಬ್ಬಿಯಲ್ಲಿ ಫ್ರಿಜ್ಜಿನ ತಣ್ಣನೆಯ ಭಾಗದಲ್ಲಿಡಿ, ಮಾರನೇ ದಿನಕ್ಕೆ ತೊಂದರೆ ಇಲ್ಲ. ಅದಕ್ಕಿಂತ ಮುಂದಕ್ಕಾದರೆ ಫ್ರೀಜರ್. ಆಗ ಉಪ್ಪು ಹಚ್ಚಬೇಡಿ, ಒಂದು ಹೊತ್ತಿಗೆ ಬೇಕಾದಷ್ಟನ್ನೇ ಚಿಕ್ಕ ಡಬ್ಬಿಗೆ ಹಾಕಿ, ಮೀನು ಮುಳುಗುವಷ್ಟು ನೀರು ತುಂಬಿಸಿ ಗಟ್ಟಿ ಮಾಡಿ, ಗಾಳಿ ತಾಗದೆ ಒಣಗುವುದಿಲ್ಲ. ಬೇಕಾದಾಗ ಹಿಂದಿನ ರಾತ್ರಿ ಕೆಳಗಿನ ಫ್ರಿಜ್ಜಿಗೆ ಇಳಿಸಿ ಕರಗಿಸಿ. ಕರಗಿದ ಮೀನು ಸ್ವಲ್ಪ ಮೆತ್ತಗಿರುತ್ತದೆ, ಕಾವಲಿಗೆ ಹಾಕಿದರೆ ಒಡೆಯುವುದು ಜಾಸ್ತಿ. ಅದನ್ನು ಸಾರಿಗೆ ಇಟ್ಟುಕೊಳ್ಳಿ, ಹುರಿಯುವುದಕ್ಕೆ ಅವತ್ತೇ ತಂದ ಮೀನು ಬಳಸಿ.